ನಾವಿಲ್ಲದ ಅಂಗಳಕ್ಕೆ ರಂಗೋಲಿ

ನಮ್ಮ ಯಜಮಾನರು ತೀರಿಕೊಂಡ ವರ್ಷ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಲಿಫ್ಟಿನಲ್ಲಿ ಸಿಕ್ಕವರು ಹೊಸ ಕಂಪನಿ, ಫ್ಲ್ಯಾಟಿನ ರೇಟು, ಅಮೆರಿಕದ ವೀಸಾ ಎಂದು ಮಾತಾಡಿ ಇಳಿದುಹೋಗುತ್ತಿದ್ದರು. ಯಜಮಾನರ ಬಗ್ಗೆ ಯಾರಾದರೂ ಒಂದು ಮಾತು ಕೇಳಲಿ ಎಂದು ಕಾದು ಕಾದು ನನಗೆ ಮೈ ಉರಿಯುತ್ತಿತ್ತು. ಇವರೇನು ಸಾಯುವುದೇ ಇಲ್ಲವೇ?

ಸಂಕ್ರಾಂತಿಗೆ ಪಾರ್ಕಿಂಗಿನ ಅಂಗಳದಲ್ಲಿ ರಂಗೋಲಿ ಹಾಕುವುದು ನಮ್ಮಲ್ಲಿ ರೂಢಿ. ನಿವೃತ್ತ ಡ್ರಾಯಿಂಗ್ ಟೀಚರ್ ಎಂದು ವಿಷಯ ಕೊಡುವ ಕೆಲಸ ನನ್ನದು. ಆ ಸಲ ನೋಟಿಸ್ ಬೋರ್ಡಿನಲ್ಲಿ ಬರೆದೆ: ‘ನಾವು ಸತ್ತ ಮೇಲೂ ಈ ಅಂಗಳದಲ್ಲಿ ಏನಿರಬೇಕು? ಬಿಡಿಸಿ.’

ಸೆಕ್ರೆಟರಿ ಓಡೋಡಿ ಬಂದರು. ಕಲಬುರಗಿ ಕಡೆಯವರು.

“ಹಬ್ಬದ ದಿನಾ ಸಾವಿನ ಮಾತ ಯಾಕ್ರಿ ಅಕ್ಕಾರ? ನಮ್ಮವ್ವಗ ಭಾಳ ವಯಸ್ಸಾಗೈತಿ. ಏನ್ ಅಂದ್ಕೋತಾಳ?”

“ಅವ್ವಾರಿಗೆ ಗೊತ್ತೈತಿ ತಮ್ಮಾ. ಗೊತ್ತಿಲ್ಲದವ ನೀನ.”

ನಾನು ನೋಟಿಸ್ ತೆಗೆಯಲಿಲ್ಲ.

ಹಬ್ಬದ ಬೆಳಗ್ಗೆ ತೊಳೆದ ನೆಲ ಬರಿದಾಗಿ ಬಿದ್ದಿತ್ತು. ಬಾಲ್ಕನಿಗಳಿಂದ ಎಲ್ಲರೂ ಇಣುಕುತ್ತಿದ್ದರು, ಒಬ್ಬರೂ ಇಳಿಯಲಿಲ್ಲ. ನಾನೇ ಶುರು ಮಾಡೋಣವೆಂದರೆ, ಸಾವಾದ ಮನೆಯವರು ವರ್ಷ ತುಂಬುವ ತನಕ ರಂಗೋಲಿ ಮುಟ್ಟುವಂತಿಲ್ಲ. ಮುಖಭಂಗವಾಯಿತು ಎಂದುಕೊಂಡೆ.

ಆಗ ಮಗನ ಕೈ ಹಿಡಿದು ಸೆಕ್ರೆಟರಿಯವರ ತಾಯಿ ಬಂದರು. ನೆಲದ ಮೇಲೆ ಕೂತು ಉದ್ದಕ್ಕೊಂದು ಕಟ್ಟೆ ಬಿಡಿಸಿದರು.

“ಇಷ್ಟ ದೊಡ್ಡ ಜಾಗಾ, ಕೂಡ್ಲಿಕ್ಕೆ ಒಂದು ಕಟ್ಟಿ ಇಲ್ಲ. ನಾ ಹೋದಮ್ಯಾಲಾದ್ರೂ ಕಟ್ಟಸು,” ಎಂದು ಮಗನಿಗೆ ಹೇಳಿ, ರಂಗೋಲಿ ಡಬ್ಬಿಯನ್ನು ನನ್ನತ್ತ ನೂಕಿದರು. ನನಗಿನ್ನೂ ವರ್ಷ ತುಂಬಿಲ್ಲ ಎಂದೆ.

“ಬ್ಯಾಡ ಅನ್ನೋದು ನಿನ್ನ ಮನಿ ಹೊಸ್ತಿಲಕ್ಕ, ಯವ್ವಾ. ಇದು ಎಲ್ಲಾರ ಅಂಗಳ.”

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಕೇಳಿಸಿತು. ರಾತ್ರಿ ಪಾಳಿ ಮುಗಿಸಿ ಬಂದಿದ್ದ ಐಟಿ ಹುಡುಗಿಯರು ಬೇವಿನ ಮರ ಬಿಡಿಸಿದರು. ಬಾಲಾನಗರದ ಕಾರ್ಖಾನೆಯ ಎಂಜಿನಿಯರರೊಬ್ಬರು ಪ್ಯಾಂಟು ಮಡಚಿ ಕ್ರಿಕೆಟ್ ಪಿಚ್ ಎಳೆದರು. ಬಿಸಿಲೇರುವಷ್ಟರಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೆದ್ದೆನೆಂದು ನಾನು ಬೀಗುತ್ತಿದ್ದೆ, ಸೆಕ್ರೆಟರಿಯತ್ತ ಬೇಕೆಂದೇ ಒಮ್ಮೆ ನೋಡಿದೆ ಕೂಡ.

ನಾನು ಹಾಕಿದ್ದು ಹಾರ್ಮೋನಿಯಂ. ಮೈಸೂರಿನ ಹುಡುಗಿಯೊಬ್ಬಳು ಬಗ್ಗಿ ನೋಡಿ, “ಇದು ಯಾರದು ಆಂಟಿ?” ಎಂದಳು.

“ನಮ್ಮ ಮನಿಯವ್ರದು. ಭಾಳ ಕೆಟ್ಟ ಬಾರಸ್ತಿದ್ರು.”

ಎಲ್ಲರೂ ನಕ್ಕರು. “ಹೇಳಿ ಆಂಟಿ, ಹೇಗಿದ್ದರು ಅವರು?” ಎಂದು ಸುತ್ತ ಕೂತರು. ಬಿಸಿಲು ನೆತ್ತಿಗೆ ಬರುವ ತನಕ ಹೇಳಿದೆ.