ಎತ್ತಿ ಕುಡಿದ ನೀರು

ಅತ್ತಿಗೆ, ಅವತ್ತು ಆಸ್ಪತ್ರೆಯಲ್ಲಿ ಅಣ್ಣನ ಎದುರು ‘ನಾನು ಹೇಳಿದ್ದೆ’ ಅಂದೆನಲ್ಲ — ಹೇಳಿರಲಿಲ್ಲ. ಅರ್ಧ ಹೇಳಿದ್ದೆ. ಉಳಿದರ್ಧವನ್ನು ಬೇಕೆಂದೇ ಬಿಟ್ಟಿದ್ದೆ.

ಇದನ್ನು ಬರೆಯುವಾಗಲೂ ನಿಮ್ಮ ಮೇಲೆ ಪ್ರೀತಿಯೇನೂ ಉಕ್ಕಿ ಬರುತ್ತಿಲ್ಲ. ಅದನ್ನೂ ಮೊದಲೇ ಹೇಳಿಬಿಡುತ್ತೇನೆ. ನನ್ನ ತವರಿನಲ್ಲಿ ನೀವು ನನ್ನನ್ನು ನೆಂಟರಂತೆ ಕೂರಿಸಿ ಕಾಫಿ ಕೊಟ್ಟಿರಿ, ನಾನು ನಿಮ್ಮ ಕಾಫಿಯಲ್ಲೂ ತಪ್ಪು ಹುಡುಕಿದೆ — ಇಬ್ಬರೂ ವರ್ಷಗಟ್ಟಲೆ ಇದನ್ನೇ ಮಾಡಿದೆವು.

ಅಮ್ಮನಿಗೆ ಸ್ಟ್ರೋಕ್ ಆದ ಮೇಲೆ ನುಂಗುವ ತೊಂದರೆ ನೋಡುವ ಜಯನಗರದ ಥೆರಪಿಸ್ಟ್ ಬಳಿ ಕರೆದುಕೊಂಡು ಹೋದವಳು ನಾನು. ಎಕ್ಸ್‌ರೇ ಪರದೆಯ ಮೇಲೆ ಅಮ್ಮ ನುಂಗುವುದನ್ನು ನೋಡಿದೆ. ಗಂಟಲು ಮುಗಿದು ಅನ್ನನಾಳ ಶುರುವಾಗುವಲ್ಲಿ ಒಂದು ಸಣ್ಣ ಸ್ನಾಯು ಇದೆ — ಕ್ರೈಕೋಫ್ಯಾರಿಂಜಿಯಸ್. ಧ್ವನಿಪೆಟ್ಟಿಗೆಯ ಕೆಳಗಿನ ಉಂಗುರದಂಥ ಮೃದ್ವಸ್ಥಿಗೆ ಹಿಂದಿನಿಂದ ಸುತ್ತಿಕೊಂಡಿರುತ್ತದೆ. ಬೇರೆ ಸ್ನಾಯುಗಳು ಕೆಲಸಕ್ಕೆ ಬಿಗಿಯುತ್ತವೆ. ಇದು ಸದಾ ಬಿಗಿದೇ ಇರುತ್ತದೆ, ಕೆಲಸದ ಹೊತ್ತಿಗೆ ಮಾತ್ರ ಸಡಿಲಬೇಕು. ನುಂಗುವಾಗ ಧ್ವನಿಪೆಟ್ಟಿಗೆ ಮೇಲಕ್ಕೆ, ಮುಂದಕ್ಕೆ ಎದ್ದು ಅದನ್ನು ಎಳೆದು ತೆರೆಯುತ್ತದೆ, ತುತ್ತು ಇಳಿಯುತ್ತದೆ, ಬಾಗಿಲು ಮತ್ತೆ ಮುಚ್ಚುತ್ತದೆ. ಅಮ್ಮನದು ತಡವಾಗಿ ತೆರೆಯುತ್ತಿತ್ತು, ಅದೂ ಅರೆಬರೆ. ಇಳಿಯದೆ ನಿಂತ ನೀರು ಪಕ್ಕದ ಶ್ವಾಸನಾಳಕ್ಕೆ ಜಾರುತ್ತಿತ್ತು.

ಥೆರಪಿಸ್ಟ್ ಎರಡು ಮಾತು ಹೇಳಿದರು. ನೀರಿಗೆ ಪುಡಿ ಬೆರೆಸಿ ಗಟ್ಟಿ ಮಾಡಿ. ಗದ್ದ ಎದೆಯ ಕಡೆಗೆ ಬಗ್ಗಿಸಿ, ಚಮಚದಲ್ಲಿ ಕೊಡಿ — ತಲೆ ಹಿಂದಕ್ಕೆ ಹೋಗಲೇಬಾರದು.

ಸಂಜೆ ನಿಮಗೆ ಫೋನ್ ಮಾಡಿದೆ. ಪುಡಿಯ ವಿಷಯ ಹೇಳಿ ಮುಗಿಸುವಷ್ಟರಲ್ಲಿ ನೀವು ಅಂದಿರಿ, “ನಿನ್ನ ಬಿಎಸ್ಸಿ ಪಾಠ ಫೋನಲ್ಲಿ ಬೇಡ ಕಣೇ. ಬಂದು ಒಂದ್ ವಾರ ಅಮ್ಮನ್ನ ನೋಡ್ಕೋ, ಆಮೇಲೆ ಹೇಳು.” ಮಾತು ಸರಿಯಾಗಿಯೇ ಇತ್ತು, ಅದಕ್ಕೇ ಉರಿಯಿತು. ಫೋನ್ ಇಟ್ಟೆ. ಮತ್ತೆ ಮಾಡಬಹುದಿತ್ತು. ಅಣ್ಣನಿಗಾದರೂ ಹೇಳಬಹುದಿತ್ತು. ಮಾಡಲಿಲ್ಲ — ಅಮ್ಮನ ಗಂಟಲಿಗಿಂತ ನನ್ನ ಸಿಟ್ಟು ದೊಡ್ಡದಾಗಿತ್ತು.

ಅಪ್ಪನ ತಿಥಿಯ ದಿನ ಬನಶಂಕರಿಯ ನಿಮ್ಮ ಮನೆಗೆ ಬಂದೆ. ನೀವು ಒದ್ದೆ ಸೀರೆಯಲ್ಲಿ ಮಡಿಯಡುಗೆ ಮಾಡುತ್ತಿದ್ದಿರಿ. ಅಮ್ಮ ಕುರ್ಚಿಯಲ್ಲಿದ್ದರು. ಜೀವಮಾನದಲ್ಲಿ ಲೋಟಕ್ಕೆ ತುಟಿ ತಾಗಿಸಿದವರಲ್ಲ, ಎತ್ತಿಯೇ ಕುಡಿದವರು. ನೀರು ಗಟ್ಟಿಯೆಂದು ಬೇರೆ ದಿನ ನೀವು ಹಿಡಿದ ಚಮಚಕ್ಕೆ ಹೇಗೋ ಒಪ್ಪುತ್ತಿದ್ದರಂತೆ. ತಿಥಿಯ ದಿನ ಎಂಜಲು ಬೇಡವೆಂದು ಬಾಯಿ ಬಿಡಲಿಲ್ಲ. ಮಾತು ಹೋಗಿತ್ತು, ಕೈ ಮೇಲೆತ್ತಿ ತೋರಿಸಿದರು — ಎತ್ತಿ ಹಾಕು ಅಂತ. ನೀವು ಪುಡಿ ಬೆರೆಸಿದಿರಿ, ಕಲಕಿದಿರಿ. ನಾನು ಹೇಳಿದ್ದಷ್ಟನ್ನೂ ಮಾಡಿದಿರಿ. ಆಮೇಲೆ ಲೋಟ ಎತ್ತಿದಿರಿ. ಅಮ್ಮ ತಲೆ ಹಿಂದಕ್ಕೆ ಹಾಕಿದರು.

ನಾನು ಬಾಗಿಲಲ್ಲಿದ್ದೆ. ನೋಡಿದೆ. ‘ಅತ್ತಿಗೆ, ತಲೆ’ ಅಂದಿದ್ದರೆ ಸಾಕಿತ್ತು. ಆಗ ನನ್ನ ಮನಸ್ಸಿನಲ್ಲಿದ್ದದ್ದು — ಬರೆಯಲು ಕೈ ಬರುತ್ತಿಲ್ಲ, ಆದರೂ — ‘ಗೊತ್ತಾಗಲಿ ಇವರಿಗೆ.’ ಒಂದು ಸಣ್ಣ ಕೆಮ್ಮು ಬರುತ್ತದೆ, ನೀವು ಗಾಬರಿಯಾಗುತ್ತೀರಿ, ಆಗ ಪಾಠ ಯಾಕೆ ಬೇಕಿತ್ತೆಂದು ಕೇಳಬಹುದು. ಅಷ್ಟೇ ಎಣಿಸಿದ್ದೆ.

ಅಮ್ಮ ಕೆಮ್ಮಲಿಲ್ಲ. ಸದ್ದೇ ಇಲ್ಲ. ಕತ್ತಿನಲ್ಲಿ ಧ್ವನಿಪೆಟ್ಟಿಗೆಯ ಆ ಗಂಟು ಏಳಲು ನೋಡುತ್ತಿತ್ತು, ಏಳುತ್ತಿರಲಿಲ್ಲ. ತುಟಿ ನೀಲಿಯಾಯಿತು. ಇವತ್ತಿಗೂ ಯಾರಾದರೂ ನೀರೆತ್ತಿ ಕುಡಿದರೆ ನನ್ನ ಕಣ್ಣು ಅವರ ಕತ್ತಿನ ಮೇಲೆಯೇ — ಎದ್ದಿತೇ, ಇಳಿಯಿತೇ...

ಅಮ್ಮನನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಬಡಿದವರು ನೀವು. ಮಡಿ ಮರೆತು ಪಕ್ಕದ ಮನೆಯವರ ಕಾರಿಗೆ ಓಡಿದವರು ನೀವು. ನಾನು ಚೌಕಟ್ಟು ಹಿಡಿದು ನಿಂತೇ ಇದ್ದೆ.

ಜೀವ ಉಳಿಯಿತು. ಶ್ವಾಸಕೋಶಕ್ಕೆ ಸೋಂಕಾಗಿ, ಕೊನೆಗೆ ಹೊಟ್ಟೆಗೆ ನಳಿಕೆ ಹಾಕಿದರು. ಎತ್ತಿ ಕುಡಿಸಬಾರದೆಂದು ಯಾರೂ ಹೇಳಿರಲಿಲ್ಲವಾ ಎಂದು ಅಣ್ಣ ಕೇಳಿದ. ಪುಡಿ ಹಾಕಲು ಹೇಳಿದ್ದಳು, ಹಾಕಿದ್ದೆ ಅಂದಿರಿ. ಆಗ ನಾನು ಬಾಯಿ ಬಿಟ್ಟೆ.

“ನಾನು ಹೇಳಿದ್ದೆ.”

ನೀವು ಜಗಳವಾಡುತ್ತೀರಿ ಅಂದುಕೊಂಡಿದ್ದೆ, ಅದಕ್ಕೆ ಸಿದ್ಧಳಾಗಿಯೂ ಇದ್ದೆ. ನೀವು ನನ್ನ ಮುಖ ನೋಡಿ ಮೆಲ್ಲಗೆ ಅಂದಿರಿ, “ಹೇಳಿದ್ಯೇನೋ... ಅವತ್ತು ನಾನೇ ಕೋಪದಲ್ಲಿದ್ದೆ. ಕಿವಿಗೆ ಹಾಕ್ಕೊಂಡಿಲ್ಲ ಅನ್ಸತ್ತೆ.”

ನನ್ನ ಸುಳ್ಳನ್ನು ನೀವೇ ನಂಬಿಬಿಟ್ಟಿರಿ.

ಅಣ್ಣ ಅಮ್ಮನನ್ನು ಜೆ.ಪಿ. ನಗರದ ನನ್ನ ಮನೆಗೆ ಕಳಿಸಿದ. ಈಗ ನೀವು ನೋಡಲು ಬಂದಾಗ ಗೋಡೆ ಪಕ್ಕದ ಕುರ್ಚಿಯಲ್ಲಿ ಕೂರುತ್ತೀರಿ. ನಳಿಕೆಯಲ್ಲಿ ಗಂಜಿ ಹಾಕುವಾಗ ಎದ್ದು ಬಾಲ್ಕನಿಗೆ ಹೋಗುತ್ತೀರಿ. ನಾನು ಕಾಫಿ ಕೊಡುತ್ತೇನೆ, ನೀವು ಅರ್ಧ ಬಿಡುತ್ತೀರಿ. ಅಮ್ಮನ ಕಣ್ಣು ನಿಮ್ಮ ಹಿಂದೆಯೇ ಹೋಗುತ್ತದೆ. ಅವತ್ತು ನಡೆದದ್ದೆಲ್ಲ ಗೊತ್ತಿದ್ದೂ ಹೇಳಲಾಗದವರು ಅವರೊಬ್ಬರೇ — ನಾನು ಬಾಗಿಲಲ್ಲಿ ನಿಂತದ್ದನ್ನು ಅವರು ಕಂಡಿದ್ದರೋ ಏನೋ.

ಥೆರಪಿಸ್ಟ್ ನಿನ್ನೆ ಮತ್ತೆ ಪರೀಕ್ಷಿಸಿದರು. ಸ್ನಾಯು ಸ್ವಲ್ಪ ಸಡಿಲುತ್ತಿದೆಯಂತೆ; ದಿನಕ್ಕೆ ಒಂದೆರಡು ಚಮಚ ಗಂಜಿ ಬಾಯಿಂದ ಕೊಟ್ಟು ನೋಡಬಹುದಂತೆ. ಎದುರಿಗೆ ಕೂತು, ಗದ್ದ ಬಗ್ಗಿಸಿ, ಕತ್ತಿನ ಗಂಟು ಎದ್ದು ಇಳಿಯುವವರೆಗೆ ಮುಂದಿನ ಚಮಚ ಕೊಡದೆ ಕಾಯಬೇಕು.

ಭಾನುವಾರ ಅಣ್ಣ ಬರುತ್ತಾನೆ. ನೀವೂ ಬನ್ನಿ. ಗಂಜಿ ಬೇಯುವ ಮುಂಚೆ, ಅಮ್ಮನ ಎದುರಿಗೇ, ಅವನಿಗೆ ಹೇಳುತ್ತೇನೆ — ನಾನು ಹೇಳಿರಲಿಲ್ಲ, ನೋಡುತ್ತ ನಿಂತಿದ್ದೆ. ಆಮೇಲೆ ನೀವು ನನ್ನ ಮುಖ ನೋಡದಿದ್ದರೂ ಸರಿ. ಬಾಲ್ಕನಿಗೆ ಮಾತ್ರ ಹೋಗಬೇಡಿ. ಅವತ್ತು ಬಿಟ್ಟ ಆ ಉಳಿದರ್ಧ ಮೇಲೆಯೇ ಬರೆದಿದ್ದೇನೆ, ಇನ್ನೊಮ್ಮೆ ಓದಿಕೊಳ್ಳಿ. ಮೊದಲ ಚಮಚ ನಿಮ್ಮ ಕೈಯಲ್ಲಿರಲಿ.