ಸೋಮವಾರದ ಸ್ನ್ಯಾಪ್‌ಶಾಟ್‌ನ ತೂಕ

ಹದಿನೆಂಟು ಸಾವಿರ ರೂಪಾಯಿ, ಮೇಲೆ ಎರಡು ಕೆ.ಜಿ. ಕಾಳುಮೆಣಸು. ನಮ್ಮ ಆಫೀಸಿನ ಮೂಲೆಯಲ್ಲಿ ಗುಂಯ್ ಎನ್ನುತ್ತ ಕೂತಿರುವ ಸರ್ವರ್ ಪೆಟ್ಟಿಗೆಗೆ ನಾನು ಕೊಟ್ಟಿದ್ದು ಇಷ್ಟು. ಹಾಸನದಲ್ಲಿ ಹಳೆಯ ಕಂಪ್ಯೂಟರ್ ಮಾರುವವನು ಮೊದಲು ಇಪ್ಪತ್ತಾರು ಹೇಳಿದ. ನಾನು ಹದಿನೈದು ಅಂದೆ. ಅವನು ನಕ್ಕುಬಿಟ್ಟ. ಬೆಲೆ ಕೇಳಿ ನಕ್ಕವನ ಜೊತೆ ವ್ಯಾಪಾರ ಕುದುರುತ್ತದೆ, ಮುಖ ಗಂಟಿಕ್ಕಿದವನ ಜೊತೆ ಕುದುರುವುದಿಲ್ಲ. ಇದು ನಾನು ಸೈಕಲ್ ಮೇಲೆ ಮೂಟೆ ಕಟ್ಟಿಕೊಂಡು ಮೆಣಸು ಕೊಳ್ಳುತ್ತಿದ್ದ ಕಾಲದಿಂದ ಕಂಡುಕೊಂಡಿರುವುದು. ಹದಿನೆಂಟಕ್ಕೆ ಬಂದು ನಿಂತ ಮೇಲೆ, ನಡೆಸುವುದು ಹೇಗೆಂದು ನೀನೇ ಕಲಿಸಬೇಕು ಎಂದು ಸೇರಿಸಿದೆ. ಮೆಣಸು ಆ ಪಾಠದ ಫೀಸು.

ಯಾಕೆ ಕೊಂಡೆ ಎಂದು ಮನೆಯಲ್ಲೂ ಕೇಳಿದರು. ಆನೇಮಹಲ್‌ನಲ್ಲಿ ಹೆದ್ದಾರಿಗೆ ಮುಖ ಮಾಡಿಕೊಂಡು ನನ್ನದೊಂದು ಕಾಫಿ, ಮೆಣಸು ಕೊಳ್ಳುವ ಅಂಗಡಿ ಇದೆ. ಹಿಂದೆ ಕಣ, ಮುಂದೆ ಎರಡು ಕೋಣೆ. ಮಾಲಿನ ಫೋಟೊ, ತೇವಾಂಶದ ಚೀಟಿಯ ಫೋಟೊ, ಲಾರಿ ಲೋಡಾಗುವ ವಿಡಿಯೊ, ಎಲ್ಲವನ್ನೂ ಇಂಟರ್ನೆಟ್ಟಿನಲ್ಲಿ ತಿಂಗಳ ಬಾಡಿಗೆಗೆ ಇಡುತ್ತಿದ್ದೆ. ಒಂದು ಗಾಳಿ ಬೀಸಿ ಸಿಲ್ವರ್ ಮರದ ಕೊಂಬೆ ಬಿದ್ದರೆ ತಂತಿ ಕಡಿದು, ನನ್ನದೇ ಫೋಟೊ ನನಗೇ ಕಾಣುತ್ತಿರಲಿಲ್ಲ. ಬಾಡಿಗೆಯನ್ನೂ ಕೊಟ್ಟು ಬಾಗಿಲಲ್ಲೂ ಕಾಯುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ.

ಬಣ್ಣಬಣ್ಣದ ಮೆನು ಬೇಕಾದರೆ ಇನ್ನೂ ಗಟ್ಟಿ ಯಂತ್ರ ಬೇಕು ಎಂದ ಹಾಸನದವನು. ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡುವುದಾದರೆ ಇದೇ ಸಾಕಂತೆ. ಸರಿ, ಕಪ್ಪು ಪರದೆಯೇ ಇರಲಿ ಅಂದೆ. ಕಮಾಂಡ್ ನನಗೆ ಹಿಡಿಸಿತು. ಹೇಳಿದ್ದಷ್ಟೇ ಮಾಡುತ್ತದೆ, ಹೇಳದ್ದನ್ನು ಮಾಡುವುದಿಲ್ಲ. ಇಂಥ ಆಳು ನಮ್ಮ ಕಡೆ ಈಗ ಸಿಗುವುದು ಕಷ್ಟ.

ಮುಂದಿನ ಎರಡನೇ ಕೋಣೆಯನ್ನು ಒಬ್ಬ ಹೆಣ್ಣುಮಗಳಿಗೆ ಬಾಡಿಗೆಗೆ ಕೊಟ್ಟಿದ್ದೆ. ಬೆಳಗೋಡಿನವಳು, ಮದುವೆ ವಿಡಿಯೊ ಮಾಡುವವಳು. ಹಾಸನದ ಸ್ಟುಡಿಯೊದಲ್ಲಿ ಕೆಲಸ ಕಲಿತು, ಬಿಟ್ಟು, ಸ್ವಂತ ಬೋರ್ಡು ಹಾಕಿಕೊಂಡಿದ್ದಳು. ನನ್ನನ್ನು ಅಣ್ಣ ಅನ್ನುತ್ತಾಳೆ, ಬಾಡಿಗೆ ವಿಷಯ ಬಂದಾಗ ಮಾತ್ರ ದೊಡ್ಡಣ್ಣ. ಅವಳ ವಿಡಿಯೊಗಳಿಗೂ ನನ್ನ ಪೆಟ್ಟಿಗೆಯಲ್ಲಿ ಜಾಗ ಕೊಟ್ಟೆ. ಕಣದಲ್ಲಿ ನಾಲ್ಕು ಜನ ಕಾಫಿ ಹರವಿದಾಗ ನಡುವೆ ಗೆರೆ ಎಳೆಯುವುದಿಲ್ಲವೇ, ಹಾಗೆ ಇವಳಿಗೆ ಐನೂರು ಜಿಬಿಗೆ ಗೆರೆ ಎಳೆದೆ. ಕಂಪ್ಯೂಟರಿನವರು ಅದನ್ನು ಕೋಟಾ ಅನ್ನುತ್ತಾರೆ. ಒಟ್ಟು ಜಾಗಕ್ಕೆ ನಾನಿಟ್ಟ ಹೆಸರು kana, ಅವಳ ಪಾಲು kana/maduve.

ಇನ್ನು ಸ್ನ್ಯಾಪ್‌ಶಾಟ್. ಇದನ್ನು ನಕಲು ಅಂದುಕೊಂಡವರೇ ಹೆಚ್ಚು. ನಕಲಲ್ಲ. ಈ ಗಳಿಗೆಯಲ್ಲಿ ಇಲ್ಲಿ ಏನೇನಿದೆಯೋ ಅದನ್ನು ಬಿಟ್ಟುಕೊಡಬೇಡ ಎಂದು ಪೆಟ್ಟಿಗೆಗೆ ಹೇಳಿಡುವುದು, ಅಷ್ಟೆ. ಹೇಳಿದಾಗ ಜಾಗ ಹಿಡಿಯುವುದಿಲ್ಲ. ಆಮೇಲೆ ನೀವು ಏನನ್ನಾದರೂ ಅಳಿಸಿದರೆ, ಅದು ನಿಮ್ಮ ಕಣ್ಣಿಗೆ ಮಾಯವಾದರೂ ಸ್ನ್ಯಾಪ್‌ಶಾಟ್ ಅದನ್ನು ಹಿಡಿದುಕೊಂಡೇ ಇರುತ್ತದೆ. ಆ ತೂಕವೂ ನಿಮ್ಮ ಕೋಟಾಕ್ಕೇ ಬೀಳುತ್ತದೆ.

ದಿನಕ್ಕೊಂದು ಸ್ನ್ಯಾಪ್‌ಶಾಟ್ ತೆಗೆಯುವ ಕೆಲಸ ನಮ್ಮ ರೈಟರ್‌ದು. ದೊಡ್ಡ ಎಸ್ಟೇಟಿನಲ್ಲಿ ರೈಟರ್ ಆಗಿ ಹಾಜರಿ, ಸ್ಟೋರು, ಮಳೆ ಎಲ್ಲ ನೋಡಿಕೊಂಡು ನಿವೃತ್ತರಾದವರು. ಈಗ ನನ್ನ ಅಂಗಡಿಯಲ್ಲಿ ಕೂರುತ್ತಾರೆ. ನಮ್ಮಲ್ಲಿ ಕರೆಂಟು ನಂಬುವಂಥದ್ದಲ್ಲವಾದ್ದರಿಂದ ಸಂಜೆ ಪೆಟ್ಟಿಗೆ ಆರಿಸಿ ಹೋಗುತ್ತೇವೆ. ತಾನಾಗಿ ನಡುರಾತ್ರಿ ಸ್ನ್ಯಾಪ್‌ಶಾಟ್ ತೆಗೆದುಕೋ ಅಂದರೆ ನಡೆಯುವುದಿಲ್ಲ. ರೈಟರ್ ಬೆಳಿಗ್ಗೆ ಬಂದವರೇ ಕಣದ ಅಂಚಿನಲ್ಲಿರುವ ಮಳೆ ಅಳೆಯುವ ಡಬ್ಬದ ನೀರನ್ನು ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಪಾಲು) ಅಳೆದು, ಗೋಡೆಯ ಹಲಗೆ ಮೇಲೆ ಬರೆದು, ಕನ್ನಡಕ ಏರಿಸಿ ಕಮಾಂಡ್ ಹೊಡೆಯುತ್ತಾರೆ. ಹೆಸರು ವಾರದ್ದು: ravi, soma, mangala. ಹೊಸ ವಾರ ಶುರುವಾದಾಗ ಹಿಂದಿನ ವಾರದವನ್ನು ಕಿತ್ತುಹಾಕುತ್ತಾರೆ.

ಹೂಮಳೆ ಬಿದ್ದು ಕಾಫಿ ಅರಳಿದ್ದ ವಾರ. ಹಿಂದಿನ ಭಾನುವಾರ ಆಲೂರಿನಲ್ಲಿ ಒಂದು ಮದುವೆ. ಮದುಮಗಳು ಬೆಳಗೋಡಿನ ಹುಡುಗಿ, ನಮ್ಮ ವಿಡಿಯೊ ತಂಗಿಗೆ ಸ್ವಂತ ಬೋರ್ಡಿನಲ್ಲಿ ತನ್ನೂರಿನವರಿಂದ ಸಿಕ್ಕ ಮೊದಲ ಮದುವೆ. ಶುಕ್ರವಾರ ಹೆಣ್ಣಿನ ಮನೆಯವರು ವಿಡಿಯೊ ನೋಡಲು ಬರುವವರಿದ್ದರು. ಗುರುವಾರ ಬೆಳಿಗ್ಗೆ ನಾನು ಅಂಗಡಿ ಬಾಗಿಲು ತೆಗೆಯುತ್ತಿದ್ದಂತೆ ಅವಳು ಬಂದು ನಿಂತಳು. ಮುಖ ಬಾಡಿತ್ತು.

"ಅಣ್ಣಾ, ನಿನ್ ಪೆಟ್ಗೆ ಏನೋ ಮೋಸ ಮಾಡ್ತಾ ಐತೆ ಕಣಣ್ಣ."

"ಪೆಟ್ಗೆ ಮೋಸ ಮಾಡಾಕಿಲ್ಲ. ಏನ್ ಮಾಡ್ದೆ ಹೇಳು."

"ಮಂಗ್ಳಾರ ಸಂಜೆ ಜಾಗ ತುಂಬ್ತು ಅಂತು. ಹಳೇ ಮದ್ವೆ ಒಂದು ಅಳಿಸ್ದೆ. ಆಗ್ಲೂ ತುಂಬೈತೆ ಅಂತು. ಇನ್ನೊಂದು ಅಳಿಸ್ದೆ. ಆಗ್ಲೂ ಹಂಗೇ. ಸಿಟ್ ಬಂತು ನೋಡು, ಸಿಕ್ಕಿದ್ದೆಲ್ಲ ಅಳಿಸ್ಕಂಡು ಹೋಗ್ಬುಟ್ಟೆ. ನಿನ್ನೆ ಬೇರೆ ಕೆಲ್ಸಕ್ಕೋಗಿದ್ದೆ. ಈಗ ನೋಡಿದ್ರೆ ಈ ಮದ್ವೇದು ಎರಡನೇ ಕ್ಯಾಮೆರಾನೇ ಇಲ್ಲ!"

"ಕ್ಯಾಮೆರಾ ಕಾರ್ಡಲ್ಲಿ ಇಲ್ವಾ?"

"ಸೋಮಾರ ಮಧ್ಯಾಹ್ನ ಪೆಟ್ಗೆಗೆ ಹಾಕಿ ಕಾರ್ಡ್ ಖಾಲಿ ಮಾಡ್ದೆ. ನಿನ್ನೆ ಕೆಲ್ಸಕ್ಕೆ ಕಾರ್ಡ್ ಬೇಕಿತ್ತಲ್ಲ."

"ಒಂದನೇ ಕ್ಯಾಮೆರಾದಲ್ಲಿ ಧಾರೆ ಐತೋ ಇಲ್ವೋ?"

"ಐತೆ. ಬರೀ ಸೋದರಮಾವಂದ್ರ ಬೆನ್ನು. ಅವ್ರ ಅಜ್ಜಿ ಧಾರೆ ಎರೆದಿದ್ದು ಎರಡನೇದ್ರಲ್ಲಿ ಮಾತ್ರ. ಆ ಹುಡ್ಗೀನ ಸಾಕಿದ್ದೇ ಅಜ್ಜಿ ಕಣಣ್ಣ. ಇದೊಂದು ಹೋದ್ರೆ ಬೆಳಗೋಡಲ್ಲಿ ನಂಗೆ ಇನ್ನೊಂದು ಮದ್ವೆ ಸಿಗಾಕಿಲ್ಲ."

ಕಣದಿಂದ ಕಾಫಿ ಗುಡಿಸಿದರೂ ಕಣ ಖಾಲಿಯಾಗಲಿಲ್ಲ ಎಂಬ ಅವಳ ಸಿಟ್ಟು ನನಗೆ ಅರ್ಥವಾಯಿತು. ಅವಳು ಅಳಿಸಿದ್ದನ್ನೆಲ್ಲ ಸ್ನ್ಯಾಪ್‌ಶಾಟ್‌ಗಳು ಹಿಡಿದುಕೊಂಡಿದ್ದವು. ಅದೇ ಒಳ್ಳೆಯ ಸುದ್ದಿ ಕೂಡ. ಹಿಡಿದುಕೊಂಡಿದ್ದರೆ ವಾಪಸು ತೆಗೆಯಬಹುದು.

"ಅಳ್ಬೇಡ, ಟೀ ತರಿಸು," ಎಂದು ಕಪ್ಪು ಪರದೆಯ ಮುಂದೆ ಕೂತೆ. zfs ಅಂದರೆ ಈ ಪೆಟ್ಟಿಗೆಯಲ್ಲಿ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ; zfs list -t snapshot ಎಂದು ಹೊಡೆದರೆ ಸ್ನ್ಯಾಪ್‌ಶಾಟ್‌ಗಳ ಸಾಲು ಬರುತ್ತದೆ, ಪ್ರತಿಯೊಂದರ ಮುಂದೆ ಅದು ಒಂಟಿಯಾಗಿ ಹಿಡಿದಿರುವ ತೂಕ. ಲೆಕ್ಕ ಸುಲಭವಾಗಿತ್ತು. ಸೋಮವಾರ ಮಧ್ಯಾಹ್ನ ಹಾಕಿದ್ದಾಳೆ, ಮಂಗಳವಾರ ಸಂಜೆ ಅಳಿಸಿದ್ದಾಳೆ. ಮಂಗಳವಾರ ಬೆಳಗಿನ ಸ್ನ್ಯಾಪ್‌ಶಾಟ್‌ನಲ್ಲಿ ಅಜ್ಜಿ ಕೂತಿರಲೇಬೇಕು. mangala ಒಳಗೆ ಹೋಗಿ ನೋಡಿದೆ.

ಇರಲಿಲ್ಲ. ಒಂದನೇ ಕ್ಯಾಮೆರಾ ಇತ್ತು, ಎರಡನೇದು ಇಲ್ಲ.

ಬುಧವಾರದ ಸ್ನ್ಯಾಪ್‌ಶಾಟ್ ಇದೆಯೇ ಎಂದು ನೋಡಿದರೆ ಅದು ಸಾಲಿನಲ್ಲೇ ಇಲ್ಲ. ರೈಟರ್ ನಿನ್ನೆ ಮರೆತಿದ್ದಾರೆ ಅಂದುಕೊಂಡೆ. ಇದ್ದಿದ್ದರೂ ಏನು, ಅಳಿಸಿದ ಮೇಲಿನದು.

"ಹೋಯ್ತು ಬಿಡಣ್ಣ," ಅಂದಳು. ಟೀ ಲೋಟ ಹಾಗೇ ಹಿಡಿದಿದ್ದಳು. "ಮಂಗ್ಳಾರ ಸಂಜೆಗಿಂತ ಮೊದ್ಲೇ ಅಳಿಸಿದ್ನೇನೋ. ಇರೋದ್ರಲ್ಲೇ ಒಂದು ವಿಡಿಯೊ ಮಾಡ್ತೀನಿ. ಅದಕ್ಕಾದ್ರೂ ಜಾಗ ಬಿಡಿಸ್ಕೊಡು. ಹಳೇ ಸ್ನ್ಯಾಪ್‌ಶಾಟ್ ಕಿತ್ತಾಕು."

ಅದೂ ನ್ಯಾಯವೇ. ಸಾಲಿನಲ್ಲಿ ಎಲ್ಲಕ್ಕಿಂತ ದಪ್ಪಗಿದ್ದದ್ದು soma. ಒಂದೇ ನೂರಾ ಹದಿನೆಂಟು ಜಿಬಿ ಹಿಡಿದಿತ್ತು. ಸೋಮವಾರ ಬೆಳಗಿನದು, ಅಂದರೆ ಅವಳು ಕಾರ್ಡು ಸುರಿಯುವ ಮೊದಲಿನದು, ನಮಗೆ ಬೇಡದ್ದು. ಅದೊಂದನ್ನು ಕಿತ್ತರೆ ಅವಳ ಕೆಲಸ ಆಗುತ್ತಿತ್ತು.

"ಇದನ್ನೇ ತೆಗ್ಯಣ್ಣ, ಏನ್ ನೋಡ್ತೀಯಾ?"

ಆದರೆ ನಾನು ಕೊಳ್ಳುವಾಗಲೂ ಕೊಡುವಾಗಲೂ ತಕ್ಕಡಿಗೆ ಹಾಕದೆ ಕೈ ಬಿಡುವವನಲ್ಲ. destroy ಕಮಾಂಡ್ ಹೊಡೆದರೆ ಅದು ಹೌದಾ, ಖಂಡಿತವಾ ಎಂದು ಕೇಳುವುದಿಲ್ಲ. ಎಂಟರ್ ಒತ್ತಿದರೆ ಮುಗಿಯಿತು. ಅದಕ್ಕೆ -nv ಎಂದು ಸೇರಿಸಿದರೆ ಕೀಳುವುದಿಲ್ಲ, ಕಿತ್ತರೆ ಎಷ್ಟು ಜಾಗ ಬಿಡುತ್ತದೆ ಎಂದು ಹೇಳುತ್ತದೆ, ಅಷ್ಟೆ. ಹಾಸನದವನ ಪಾಠದಲ್ಲಿ ಎರಡು ಕೆ.ಜಿ. ಮೆಣಸಿಗೆ ಬಾಳುವ ಮಾತು ಇದೊಂದೇ. ಹೊಡೆದೆ. ನೂರಾ ಹದಿನೆಂಟು ಅಂತು ಮತ್ತೆ.

ಕೈ ಹಿಂದೆ ತೆಗೆದುಕೊಂಡೆ. ಖಾಲಿ ಚೀಲ ಎಂದು ಕೊಟ್ಟವನ ಚೀಲ ಭಾರವಾಗಿದ್ದರೆ ಬಾಯಿ ಬಿಚ್ಚಿ ನೋಡುವುದು ನನ್ನ ಅಭ್ಯಾಸ.

"ಎರಡನೇ ಕ್ಯಾಮೆರಾ ಎಷ್ಟು ಜಿಬಿ ಇತ್ತು?"

"ನೂರಾ ಇಪ್ಪತ್ತರ ಹತ್ರ. ಯಾಕೆ?"

ಅಷ್ಟರಲ್ಲಿ ಹಿಂದಿನ ಬಾಗಿಲಿಂದ ರೈಟರ್ ಬಂದರು. ಪ್ಯಾಂಟಿನ ಅಂಚು ಒದ್ದೆ, ಕೈಯಲ್ಲಿ ಅಳತೆಯ ಗಾಜು.

"ನಲವತ್ ಸೆಂಟು ಕಣ್ರೀ ಸಾವ್ಕಾರ್ರೆ. ಹೂವಿಗೆ ಒಳ್ಳೇದಾಯ್ತು. ಏನಮ್ಮಾ, ಮುಖ ಯಾಕೆ ಹಂಗೆ? ಬಾಡಿಗೆ ಏರಿಸುದ್ರಾ?" ಎಂದು ಹಲಗೆಯ ಮೇಲೆ ಬರೆದರು: ಬುಧ, ೪೦.

ಗುರುವಾರ ಬೆಳಿಗ್ಗೆ ಅವರು ಬುಧ ಎಂದು ಬರೆದದ್ದರಲ್ಲಿ ನನಗೆ ಆಶ್ಚರ್ಯವೇನೂ ಇಲ್ಲ. ಈ ಬೆಟ್ಟದಲ್ಲಿ ಹುಟ್ಟಿದ ಯಾರಿಗೂ ಇಲ್ಲ. ಬೆಳಿಗ್ಗೆ ಡಬ್ಬದಲ್ಲಿರುವುದು ನಿನ್ನೆಯ ಮಳೆ, ನಿನ್ನೆಯ ಹೆಸರಿಗೇ ಬರೆಯಬೇಕು. ನನ್ನಪ್ಪನೂ ಹಾಗೇ ಬರೆಯುತ್ತಿದ್ದ. ಆಮೇಲೆ ರೈಟರ್ ನನ್ನನ್ನು ಕುರ್ಚಿಯಿಂದ ಏಳಿಸಿ, ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಹುಡುಕಿ ಇವತ್ತಿನ ಸ್ನ್ಯಾಪ್‌ಶಾಟ್‌ಗೆ ಹೆಸರು ಕೊಟ್ಟರು: budha.

"ರೈಟ್ರೇ! ಇವತ್ತು ಗುರ್ವಾರ ಅಲ್ವಾ?"

"ಹೌದು. ಅದಕ್ಕೇನೀಗ?"

"ಬುಧ ಅಂತ ಯಾಕೆ ಹಾಕುದ್ರಿ?"

ಅವರು ನನ್ನನ್ನು ಸಣ್ಣ ಮಗುವನ್ನು ನೋಡುವಂತೆ ನೋಡಿದರು. "ಬೆಳಿಗ್ಗೆ ಡಬ್ಬದಾಗಿರೋದು ನಿನ್ನೆ ಮಳೆ. ಬೆಳಿಗ್ಗೆ ಪೆಟ್ಗೇಲಿರೋದು ನಿನ್ನೆ ಮಾಡಿದ್ ಕೆಲ್ಸ. ಇವತ್ತಿಂದು ಇನ್ನೂ ಬಿದ್ದೇ ಇಲ್ವಲ್ರೀ!"

ನಾನು ನಕ್ಕುಬಿಟ್ಟೆ. ತಂಗಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಹಾಗಾದರೆ soma ತೆಗೆದದ್ದು ಮಂಗಳವಾರ ಬೆಳಿಗ್ಗೆ: ಕಾರ್ಡು ಸುರಿದ ಮೇಲೆ, ಅಳಿಸುವ ಮೊದಲು. ಅಜ್ಜಿ ಇರುವುದು ಅಲ್ಲೇ, ಅಲ್ಲಿ ಮಾತ್ರ. ಆ ತೂಕ ಅಜ್ಜಿಯದು.

ಅವಳು ರೈಟರ್ ಕಡೆ ತಿರುಗಿದಳು. "ಅಯ್ಯೋ ನಿಮ್ಮ! ಇನ್ನೊಂದ್ ಗಳಿಗೆ ತಡ ಮಾಡಿದ್ರೆ ಧಾರೆ ಹೊಳೆ ಪಾಲಾಗ್ತಿತ್ತಲ್ರೀ!"

"ನಾನೇನಮ್ಮಾ ಮಾಡ್ದೆ? ಸರಿಯಾಗೇ ಬರ್ದಿದೀನಿ. ಓದೋಕೆ ಬರ್ಬೇಕು," ಎಂದು ಅವರು ಅಳತೆಯ ಗಾಜು ಒರೆಸತೊಡಗಿದರು.

soma ಒಳಗೆ ಹೋದೆ. ಎರಡನೇ ಕ್ಯಾಮೆರಾದ ಫೋಲ್ಡರ್ ಅಲುಗಾಡದೆ ಕೂತಿತ್ತು. "ಹಂಗಾರೆ ಎಲ್ಲಾನೂ ಸೋಮಾರಕ್ಕೆ ವಾಪಸ್ ತಿರುಗ್ಸು," ಅಂದಳು ತಂಗಿ. ಅದಕ್ಕೂ ಕಮಾಂಡ್ ಇದೆ, ಆದರೆ ಅದು ಆಮೇಲಿನ ಸ್ನ್ಯಾಪ್‌ಶಾಟ್‌ಗಳನ್ನೂ ಆಮೇಲಿನ ಕೆಲಸವನ್ನೂ ಒಟ್ಟಿಗೆ ಗುಡಿಸಿ ಹಾಕುತ್ತದೆ. ಮಂಗಳವಾರ ಹಗಲು ಅವಳು ಕೂತು ಜೋಡಿಸಿದ್ದ ಮೆರವಣಿಗೆ, ಊಟದ ಪಂಕ್ತಿ ಎಲ್ಲ ಹೋಗುತ್ತಿದ್ದವು. ಬೇಕಾದ ಫೋಲ್ಡರ್ ಒಂದನ್ನೇ ಪ್ರತಿ ಮಾಡಿ ತರುವುದು ಸರಿ. ಆ ಪ್ರತಿಗೆ ಜಾಗ ಬೇಕು. ಅವಳ ಗೆರೆಯೊಳಗೆ ಜಾಗ ಇಲ್ಲ.

"ಅಣ್ಣಾ, ನಿನ್ ಪಾಲಲ್ಲಿ ಬೇಕಾದಷ್ಟ್ ಖಾಲಿ ಐತಲ್ಲ."

"ಐತೆ. ಸುಮ್ನೆ ಕೊಡ್ಲಾ?"

"ದೊಡ್ಡಣ್ಣಾ..."

"ದೊಡ್ಡಣ್ಣ ಅಂದ್ರೆ ಇನ್ನೂ ಬಿಗಿಯಾಗ್ತೀನಿ. ನನ್ ಮೆಣಸು ಹೊರ್ಗಡೆಯೋರಿಗೆ ತೋರ್ಸೋಕೆ ಒಂದ್ ಒಳ್ಳೆ ವಿಡಿಯೊ ಮಾಡ್ಕೊಡು. ಕಣ, ಕಾಳು, ತೂಕ ಎಲ್ಲ ಬರ್ಬೇಕು."

"ಮಾಡ್ತೀನಿ. ಆದ್ರೆ ನೀನು ಅದ್ರಲ್ಲಿ ಮಾತಾಡ್ಬಾರ್ದು."

"ಯಾಕೆ?"

"ನೀನ್ ಬಾಯ್ ಬಿಟ್ರೆ ಕೊಳ್ಳೋರು ಓಡೋಗ್ತಾರೆ ಮಾರಾಯ."

ಒಪ್ಪಿದೆ. ನನ್ನ ಗೆರೆಯನ್ನು ಇನ್ನೂರು ಜಿಬಿ ಹಿಂದೆ ಸರಿಸಿ ಅವಳದನ್ನು ಅಷ್ಟೇ ಮುಂದೆ ತಳ್ಳಿದೆ. zfs set quota=700G kana/maduve, ಒಂದೇ ಸಾಲು; ಕಣದಲ್ಲಾಗಿದ್ದರೆ ಹಗ್ಗ ಹಿಡಿದು ಅರ್ಧ ದಿನ ಜಗಳ ಆಡಬೇಕಿತ್ತು. ಪ್ರತಿಯಾಗುತ್ತಿರುವಷ್ಟು ಹೊತ್ತೂ ಅವಳು ಪರದೆ ಬಿಟ್ಟು ಕದಲಲಿಲ್ಲ. ಮುಗಿದ ಮೇಲೆ ಆ ತಣ್ಣಗಿನ ಟೀಯನ್ನೇ ಒಂದೇ ಗುಟುಕಿಗೆ ಕುಡಿದಳು.

ಶುಕ್ರವಾರ ಹೆಣ್ಣಿನ ಮನೆಯವರು ಜೀಪಿನಲ್ಲಿ ಬಂದರು, ಅಜ್ಜಿಯೂ ಬಂದಿದ್ದರು. ಪಕ್ಕದ ಕೋಣೆಯಲ್ಲಿ ಕುರ್ಚಿ ಸಾಲದೆ ನನ್ನ ಮೆಣಸಿನ ಮೂಟೆಗಳ ಮೇಲೆ ಕೂತು ನೋಡಿದರು. ಧಾರೆ ಬಂದಾಗ ಗದ್ದಲ ನಿಂತಿತು. ಅಜ್ಜಿ ಮಾತ್ರ, "ನನ್ ಸೆರಗು ಸರಿಯಾಗಿಲ್ಲ, ಯಾರೂ ಹೇಳ್ಲೇ ಇಲ್ಲ, ಇನ್ನೊಂದ್ ಸಲ ತೋರ್ಸವ್ವ," ಅಂದರು. ಮೂರು ಸಲ ತೋರಿಸಬೇಕಾಯಿತು. ಹೊರಡುವಾಗ ಜೀಪಿನಲ್ಲಿದ್ದ ಚಿಕ್ಕಮ್ಮ ಒಬ್ಬರು ತಮ್ಮ ಮಗನ ಮದುವೆಗೆ ತಂಗಿಯ ನಂಬರ್ ಬರೆಸಿಕೊಂಡರು.

ನೀವೂ ಇಂಥದೊಂದು ಪೆಟ್ಟಿಗೆ ಇಟ್ಟುಕೊಳ್ಳುವುದಾದರೆ, ಕೇಳದೆ ಇದ್ದರೂ ಹೇಳುತ್ತೇನೆ. ಅಳಿಸಿದರೂ ಜಾಗ ಬಿಡದಿದ್ದರೆ ಸಿಟ್ಟಿನಿಂದ ಇನ್ನಷ್ಟು ಅಳಿಸಬೇಡಿ. ಮೊದಲು ಸ್ನ್ಯಾಪ್‌ಶಾಟ್‌ಗಳ ಸಾಲು ತೆಗೆದು ನೋಡಿ. ಅಲ್ಲಿ ಕಾಣುವುದು ಒಂದೊಂದೂ ಒಂಟಿಯಾಗಿ ಹಿಡಿದಿರುವ ತೂಕ ಮಾತ್ರ. ನಾಲ್ಕೈದು ಸೇರಿ ಹೊತ್ತಿರುವುದು ಯಾವುದರ ಮುಂದೆಯೂ ಕಾಣುವುದಿಲ್ಲ, ಹಾಗಾಗಿ ಸಾಲು ಹಗುರವಾಗಿದೆ ಎಂದು ಮೋಸ ಹೋಗಬೇಡಿ. ಬೇರೆಯವರಿಗೆ ಜಾಗ ಕೊಡುವಾಗ, ಸ್ನ್ಯಾಪ್‌ಶಾಟ್ ಬಿಟ್ಟು ಅವರ ಸ್ವಂತ ಕಡತಗಳನ್ನಷ್ಟೇ ಎಣಿಸುವ refquota ಎಂಬ ಇನ್ನೊಂದು ಗೆರೆಯೂ ಇದೆ. ತಂಗಿಗೆ ಈಗ ನಾನು ಎಳೆದಿರುವುದು ಅದನ್ನೇ. ಏನನ್ನೇ ಕೀಳುವ ಮೊದಲು -nv ಹಾಕಿ ತೂಗಿ. ಬೇಡದ್ದು ಅಂದುಕೊಂಡದ್ದು ಭಾರ ಬಂದರೆ ಒಳಗೆ ಹೋಗಿ ನೋಡಿ. ಕೆಲಸ ಮುಗಿಯುವವರೆಗೆ ಬೇಕಾದ ಸ್ನ್ಯಾಪ್‌ಶಾಟ್‌ಗೆ zfs hold ಹಾಕಿಡಿ. ಆಮೇಲೆ ನೀವೇ ಕಿತ್ತರೂ ಅದು ಬರುವುದಿಲ್ಲ. ಮದುವೆ ಮನೆಯವರು ನೋಡಿ ಹೋಗುವತನಕ ಕ್ಯಾಮೆರಾ ಕಾರ್ಡು ಖಾಲಿ ಮಾಡಬೇಡಿ, ಇನ್ನೆರಡು ಕಾರ್ಡು ಕೊಳ್ಳಿ, ಚೌಕಾಸಿ ಮಾಡಿ.

ಹೆಸರಿನಲ್ಲಿ ವಾರ ಮಾತ್ರ ಬೇಡ, ತಾರೀಖು, ಗಂಟೆ ಎರಡೂ ಇರಲಿ. ನಮ್ಮ ರೈಟರ್ ಗಂಟೆ ಹಾಕಲು ಒಪ್ಪಿದ್ದಾರೆ. ವಾರ ಮಾತ್ರ ಈಗಲೂ ನಿನ್ನೆಯದೇ ಬರೆಯುತ್ತಾರೆ. ಆದ್ದರಿಂದ ನಿಮ್ಮ ಪೆಟ್ಟಿಗೆ ನೋಡಿಕೊಳ್ಳುವವರು ಕಾಫಿ ತೋಟದಿಂದ ಬಂದವರಾಗಿದ್ದರೆ, ಕೆಲಸಕ್ಕೆ ಕೂರಿಸುವ ದಿನವೇ ಮಳೆ ಹೇಗೆ ಬರೆಯುತ್ತೀರಿ ಎಂದು ಕೇಳಿಬಿಡಿ.