ಹೆಡ್ ಸಾಹೇಬರ ಹೆಬ್ಬೆರಳು

ಠಾಣೆಯ ಅಂಗಳದಲ್ಲಿ ನನ್ನ ಕೈಚೀಲದ ಹಿಡಿ ಕಿತ್ತುಬಂದು, ಹೊಸ ಸಿರಿಂಜುಗಳೆಲ್ಲ ಪೊಲೀಸರ ಬೂಟುಗಳ ನಡುವೆ ಚೆಲ್ಲಾಪಿಲ್ಲಿಯಾದವು. ಬಗ್ಗಿ ಆರಿಸತೊಡಗಿದೆ. ಬಗ್ಗಿದರೆ ಏಳುವುದು ಕಷ್ಟವಾಗುವ ವಯಸ್ಸು ನನ್ನದು.

"ಎಷ್ಟು ವರ್ಷದಿಂದ ಚುಚ್ಕೊಳ್ತಿದೀರಾ?" ತಲೆಯ ಮೇಲಿಂದ ದನಿ ಬಂತು.

"ಅಯ್ಯೋ, ಇವು ನಮ್ಮಕ್ಕಂದು ಸಾರ್!"

"ಸಿಕ್ಕಿಬಿದ್ದೋರೆಲ್ಲ ಮನೆಯವರ ಮೇಲೇ ಹಾಕ್ತಾರೆ."

ಅವರೇ ಠಾಣೆಯ ಹೆಡ್ ಕಾನ್‌ಸ್ಟೇಬಲ್, ಎಲ್ಲರ ಬಾಯಲ್ಲಿ ಹೆಡ್ ಸಾಹೇಬರು. ಅನುಮಾನ ಅವರ ಹುಟ್ಟುಗುಣ. ಟೀ ಕೊಟ್ಟರೆ ಮೊದಲು ಕೊಟ್ಟವನ ಮುಖ ನೋಡುತ್ತಾರೆ. ಹೆಂಡತಿ 'ಬೇಗ ಬನ್ನಿ' ಎಂದರೆ 'ಯಾಕೆ?' ಎನ್ನುತ್ತಾರಂತೆ, 'ನಿಧಾನವಾಗಿ ಬನ್ನಿ' ಎಂದರೆ ಓಡಿ ಹೋಗುತ್ತಾರಂತೆ.

ನಮ್ಮಕ್ಕ ನರ್ಸು. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವಳದೊಂದು ಕೋಣೆ. ನಶೆಗೆ ಸೂಜಿ ಹಿಡಿದವರು ಅಲ್ಲಿ ಹಳೆಯದನ್ನು ಕೊಟ್ಟು ಹೊಸದು ಒಯ್ಯುತ್ತಾರೆ. ಒಬ್ಬನ ಸೂಜಿ ಇನ್ನೊಬ್ಬನಿಗೆ ದಾಟದಿದ್ದರೆ ರಕ್ತದ ಕಾಯಿಲೆಯೂ ದಾಟುವುದಿಲ್ಲ ಎಂಬುದು ಅವಳ ವಾದ. ಆದರೆ ಹೆಡ್ ಸಾಹೇಬರು ಎದುರಿಗೇ ಒಬ್ಬ ಪೇದೆಯನ್ನು ಕಾವಲು ನಿಲ್ಲಿಸಿದ ಮೇಲೆ ಅಲ್ಲಿ ನರಪಿಳ್ಳೆಯೂ ಸುಳಿಯುತ್ತಿರಲಿಲ್ಲ. ಅದಕ್ಕೇ ಅಕ್ಕ ಠಾಣೆಗೇ ಪಾಠ ಹೇಳಲು ಬಂದಿದ್ದಳು. ನಾನು ಚೀಲ ಹೊರುವವನು. ಅದನ್ನೂ ನೆಟ್ಟಗೆ ಹೊರಲಿಲ್ಲ.

"ಕಾವಲಿದ್ರೆ ಯಾರೂ ಒಳಗೆ ಬರೋಕೆ ಧೈರ್ಯ ಮಾಡಲ್ಲ," ಎಂದಳು ಅಕ್ಕ.

"ತಪ್ಪು ಮಾಡದೋನಿಗೆ ಕಾವಲಂದ್ರೆ ಯಾಕೆ ಭಯ? ನೀವು ಯಾರ ಕಡೆ ಮೇಡಂ?"

"ನಿಮ್ಮ ಬೆರಳಿನ ಕಡೆ. ಜೇಬಿಗೆ ಕೈ ಹಾಕೋ ಮುಂಚೆ 'ಸೂಜಿ ಇದೆಯಾ' ಅಂತ ಕೇಳಿ. ಇದೆ ಅಂದ್ರೆ ಕೇಸ್ ಹಾಕ್ತೀರಿ ಅಂತಾದ್ರೆ ಅವನು ಬಾಯಿ ಬಿಡ್ತಾನಾ? ಚುಚ್ಚೋದು ನಿಮಗೇ. ಚುಚ್ಚಿದ್ರೆ ಸೋಪು ನೀರಲ್ಲಿ ತೊಳ್ಕೊಂಡು ತಕ್ಷಣ ನನ್ನ ಹತ್ರ ಬನ್ನಿ. ಮಾತ್ರೆ ಇದೆ. ತಡ ಮಾಡಿದ್ರೆ ಅದೂ ಕೆಲಸಕ್ಕೆ ಬರಲ್ಲ."

ಪೇದೆಗಳು ಮುಸಿಮುಸಿ ನಕ್ಕರು. ಹೆಡ್ ಸಾಹೇಬರು ನಗಲಿಲ್ಲ. ಬಲಗೈ ಹೆಬ್ಬೆರಳನ್ನು ಮೆಲ್ಲಗೆ ಮುಷ್ಟಿಯೊಳಗೆ ಮುಚ್ಚಿಕೊಂಡರು.

"ನಿನ್ನೆ ಚುಚ್ಚಿದ್ರೆ ತಡಾನಾ?... ಉದಾಹರಣೆಗೆ."

"ಉದಾಹರಣೆಗೆ, ಇವತ್ತೇ ಬಂದ್ರೆ ತಡ ಅಲ್ಲ."

ಸಂಜೆ ಅಕ್ಕನ ಕೋಣೆಯ ಕಿಟಕಿಯಿಂದ ನೋಡುತ್ತೇನೆ, ಮಫ್ತಿಯಲ್ಲಿ ಹೆಡ್ ಸಾಹೇಬರು! ಬಾಗಿಲಿನತ್ತ ನಾಲ್ಕು ಹೆಜ್ಜೆ ಇಡುವುದು, ಎದುರಿಗಿದ್ದ ಪೇದೆ ಕತ್ತೆತ್ತಿದ ಕೂಡಲೇ ತಿರುಗಿ ಬಾಳೆಹಣ್ಣಿಗೆ ಚೌಕಾಸಿ ಮಾಡುವುದು. ಹೀಗೇ ನಡೆಯಿತು. ಹಣ್ಣಿನವಳಿಗೂ ಇವರ ಮೇಲೆ ಅನುಮಾನ ಬಂದಿರಬೇಕು, ತಕ್ಕಡಿಯನ್ನು ಹತ್ತಿರಕ್ಕೆಳೆದುಕೊಂಡಳು. ಕೊನೆಗೆ ಅವರು ಪೇದೆಯ ಬಳಿಗೇ ಹೋಗಿ ಗದರಿದರು:

"ಇಲ್ಲೇನೋ ಕೆಲಸ ನಿಂಗೆ? ನಡಿ ಠಾಣೆಗೆ!"

"ನೀವೇ ನಿಲ್ಲು ಅಂದ್ರಲ್ಲ ಸಾರ್..."

"ಈಗ ಹೋಗು ಅಂತಿರೋದೂ ನಾನೇ."

ಪೇದೆ ಮರೆಯಾದ ಮೇಲೆ ಅವರು ಒಳಗೆ ಬಂದರು. ಅಕ್ಕ ಪರೀಕ್ಷೆಗೆ ರಕ್ತ ತೆಗೆದುಕೊಂಡು ಮಾತ್ರೆ ಕೊಟ್ಟಳು. ಅದನ್ನು ಬೆಳಕಿಗೆ ಹಿಡಿದು, ಮೂಸಿ, ಆಮೇಲೆ ನುಂಗಿದರು.

ಕಾವಲು ಮತ್ತೆ ಬರಲಿಲ್ಲ. ಕೋಣೆಗೆ ಒಬ್ಬೊಬ್ಬರೇ ಬರತೊಡಗಿದರು. ಒಂದು ದಿನ ಹೆಡ್ ಸಾಹೇಬರು ದಾರಿಯಲ್ಲಿ ಸಿಕ್ಕಾಗ ಸುಮ್ಮನಿರಲಾರದೆ ಕೇಳಿದೆ:

"ಕಾವಲಿದ್ರೆ ಒಳಗೆ ಹೋಗೋಕೆ ಧೈರ್ಯ ಬರಲ್ಲ ಅಂತ ಅಕ್ಕ ಹೇಳಿದಾಗ ನೀವು ನಂಬಲಿಲ್ಲ. ಆಮೇಲೆ ಹೇಗೆ ನಂಬಿದ್ರಿ ಸಾರ್?"

ನನ್ನ ಚೀಲವನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು:

"ಖಚಿತ ಮಾಹಿತಿ ಬಂತು. ಮೂಲ ಹೇಳೋ ಹಾಗಿಲ್ಲ."